ಬೆಂಗಳೂರಿನ ಮುಸ್ಲಿಂ ಮನೆಗಳ ಇತಿಹಾಸಕ್ಕೊಂದು ಸೂರು ಬೇಕು, ಕೈ ಜೋಡಿಸಿ

ಆತ್ಮೀಯರೇ,

ಅಸ್ಸಲಾಮು ಅಲೈಕುಂ. ನಮಸ್ಕಾರ.

ಟಿಪ್ಪು ಸುಲ್ತಾನರ ಮರದ ಹುಲಿ ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಗ್ರಂಥಾಲಯದ ಸುಮಾರು 2,000 ಹಸ್ತಪ್ರತಿಗಳು ಬ್ರಿಟಿಷರ ಕೈ ಸೇರಿದವು. ಕೆಲವು ಕಲ್ಕತ್ತಾಕ್ಕೆ ಹೋದವು, ಕೆಲವು ಲಂಡನ್ನಿಗೆ. 1809ರಲ್ಲೇ ಅವುಗಳ ಪಟ್ಟಿ ಪುಸ್ತಕವಾಗಿ ಅಚ್ಚಾಯಿತು. ಅವು ನಮ್ಮ ಊರಲ್ಲಿ ಇಲ್ಲ ಎಂಬ ಸಂಕಟ ಇದ್ದೇ ಇದೆ. ಆದರೂ ಅವುಗಳನ್ನು ನೋಡಿಕೊಳ್ಳಲು ಜನರಿದ್ದಾರೆ. ಅರಮನೆಯ ಸೊತ್ತಿಗೆ ಯಾರಾದರೂ ಕಾವಲಿಗೆ ಸಿಕ್ಕೇ ಸಿಗುತ್ತಾರೆ. ಸಾಧಾರಣ ಮನೆಗಳ ಸೊತ್ತಿಗೆ ಯಾರಿದ್ದಾರೆ?

ಶಿವಾಜಿನಗರ, ಕಾಟನ್‌ಪೇಟೆ, ಕಲಾಸಿಪಾಳ್ಯ, ಟ್ಯಾನರಿ ರಸ್ತೆ, ಎಲ್ಲಿಯೇ ನೋಡಿ. ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ಕೆಳಗಿಳಿಯುತ್ತದೆ. ಗುಜರಿಯವರು ಅದನ್ನು ತೂಕಕ್ಕೆ ತೆಗೆದುಕೊಳ್ಳುತ್ತಾರೆ. ಒಳಗಿದ್ದ ಕಾಗದವೂ ತೂಕಕ್ಕೇ ಹೋಗುತ್ತದೆ. ಅಜ್ಜ ಅಜ್ಜಿಯ ನಿಕಾಹ್‌ನಾಮಾ (ಮದುವೆಯ ಕರಾರು ಪತ್ರ), ಮದುವೆಯಲ್ಲಿ ಓದಲು ಅಚ್ಚು ಹಾಕಿಸಿದ್ದ ಸೆಹ್ರಾ ಪದ್ಯ, ಹಜ್‌ಗೆ ಹಡಗಿನಲ್ಲಿ ಹೋದವರು ಬರೆದ ಪತ್ರ, ಅಂಗಡಿಯ ಲೆಕ್ಕದ ಪುಸ್ತಕ. ಇವಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಆದರೆ ನೂರು ವರ್ಷದ ಹಿಂದೆ ಈ ಊರಿನ ಒಬ್ಬ ದರ್ಜಿ ಮದುಮಗಳಿಗೆ ಎಷ್ಟು ಮೆಹರ್ (ವಧುಧನ) ಬರೆಸಿಕೊಟ್ಟ, ಅವನ ಸಾಕ್ಷಿಗಳು ಯಾರು, ಯಾವ ಬೀದಿಯವರು ಅನ್ನುವುದನ್ನು ಆ ಒಂದು ಹಾಳೆ ಬಿಟ್ಟರೆ ಬೇರೆ ಯಾವ ದಾಖಲೆಯೂ ಹೇಳುವುದಿಲ್ಲ.

ಇಂಥವನ್ನೆಲ್ಲ ಉಳಿಸಲು ನಮ್ಮ ಟ್ರಸ್ಟು ಶಿವಾಜಿನಗರದ ಹಳೇ ಹೆಂಚಿನ ಮನೆಯೊಂದರ ಎರಡು ಕೋಣೆಗಳಲ್ಲಿ ಒಂದು ಸಮುದಾಯ ಸಂಗ್ರಹಾಲಯ ನಡೆಸುತ್ತಿದೆ. ಬೆಂಗಳೂರಿನ ಮತ್ತು ಕರ್ನಾಟಕದ ಮುಸ್ಲಿಮರ ಕಲೆ, ಕಸುಬು, ಬದುಕು ಎಲ್ಲದಕ್ಕೂ ಇಲ್ಲಿ ಜಾಗ ಇರಬೇಕು ಎಂಬುದು ನಮ್ಮ ಆಸೆ. ಜನ ನಂಬಿ ವಸ್ತು ತಂದುಕೊಡುತ್ತಿದ್ದಾರೆ. ಜಾಗ ಸಾಲುತ್ತಿಲ್ಲ. ಮಳೆಗಾಲದಲ್ಲಿ ಹೆಂಚು ಸೋರುತ್ತದೆ. ಹಾಗಾಗಿ ನಿಮ್ಮ ಮುಂದೆ ಕೈ ಚಾಚುತ್ತಿದ್ದೇವೆ.

ಕಾಗದದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ದುಡ್ಡು ಜಾಸ್ತಿ ಹೋಗುವುದು ಅಲ್ಲೇ. ಇನ್ನೂರು ವರ್ಷದ ಹಳೆಯ ಹಸ್ತಪ್ರತಿ ಕಂಡರೆ ಎಲ್ಲರೂ ಹೌಹಾರುತ್ತಾರೆ, ಮುಟ್ಟಲು ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅದು ಗಟ್ಟಿಯಾಗಿಯೇ ಇರುತ್ತದೆ. ಹಳೇ ಬಟ್ಟೆ ಚಿಂದಿ ಅರೆದು ಕೈಯಲ್ಲಿ ಮಾಡಿದ ಕಾಗದ, ಹುಳು ಮತ್ತು ನೀರು ತಾಗದಿದ್ದರೆ ಶತಮಾನಗಟ್ಟಲೆ ಬಾಳುತ್ತದೆ. ನಮಗೆ ಭಯ ಇರುವುದು 1950, 60ರ ದಶಕದ ಪತ್ರಿಕೆಗಳ ಬಗ್ಗೆ. ಅದು ಮರದ ತಿರುಳಿನ ಅಗ್ಗದ ಕಾಗದ. ಅದರೊಳಗೇ ಆಮ್ಲ ಇದೆ. ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಮಡಿಕೆಯಲ್ಲಿ ಮುರಿದು ಪುಡಿ. ನಮ್ಮ ಅಪ್ಪಂದಿರ ಕಾಲದ ಕಾಗದ ಮುತ್ತಜ್ಜನ ಕಾಲದ ಕಾಗದಕ್ಕಿಂತ ಮೊದಲು ಸಾಯುತ್ತಿದೆ.

ಆ ಪತ್ರಿಕೆಗಳು ನಮಗೆ ಯಾಕೆ ಮುಖ್ಯ? ಅವು ಬರೀ ಸುದ್ದಿಯಲ್ಲ, ಕೈಬರಹ ಕೂಡ. ಉರ್ದು ಪತ್ರಿಕೆಯನ್ನು ದಿನಾ ಕೈಯಲ್ಲಿ ಬರೆದು ಅಚ್ಚು ಹಾಕುತ್ತಿದ್ದರು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಉರ್ದುವಿನ ನಸ್ತಾಲೀಖ್ ಲಿಪಿಯಲ್ಲಿ ಅಕ್ಷರಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಬಲದಿಂದ ಎಡಕ್ಕೆ ಓರೆಯಾಗಿ ಇಳಿಯುತ್ತವೆ, ಪಕ್ಕದ ಅಕ್ಷರ ಬದಲಾದರೆ ಆಕಾರವೂ ಬದಲಾಗುತ್ತದೆ. ಅಚ್ಚುಮೊಳೆಗೆ ಅದು ಒಗ್ಗಲೇ ಇಲ್ಲ. ಹಾಗಾಗಿ ಪತ್ರಿಕೆಯ ಕಚೇರಿಯಲ್ಲಿ ಕಾತಿಬರು, ಅಂದರೆ ಅಕ್ಷರ ಬರೆಯುವ ಕಸುಬಿನವರು, ಸಾಲಾಗಿ ಕೂತು, ಬಿದಿರು ಇಲ್ಲವೇ ಜೊಂಡಿನ ಕಲಮಿನ ತುದಿಯನ್ನು ಓರೆಯಾಗಿ ಕೊಯ್ದು, ಪುಟ ಪುಟವನ್ನೂ ಬರೆಯುತ್ತಿದ್ದರು. ಅಕ್ಷರದ ಅಳತೆಗೆ ಅದೇ ಕಲಮು ಇಟ್ಟ ಚುಕ್ಕಿಯೇ ಮಾನದಂಡ. ಇಂತಿಷ್ಟು ಚುಕ್ಕಿ ಎತ್ತರ, ಇಂತಿಷ್ಟು ಚುಕ್ಕಿ ಅಗಲ. 1981ರಲ್ಲಿ ನೂರಿ ನಸ್ತಾಲೀಖ್ ಎಂಬ ಕಂಪ್ಯೂಟರ್ ಅಕ್ಷರ ಬಂತು. 1994ರಲ್ಲಿ ಇನ್‌ಪೇಜ್ ತಂತ್ರಾಂಶ ಬಂತು. ಅದಾದ ಮೇಲೆ ಕಾತಿಬರ ಕೆಲಸ ಕರಗಿತು. ಕೆಲವರು ಮದುವೆ ಕಾರ್ಡು ಬರೆದರು, ಕೆಲವರು ಅಂಗಡಿ ಬೋರ್ಡು ಬರೆದರು, ಕೆಲವರು ಕಲಮನ್ನೇ ಕೆಳಗಿಟ್ಟರು. ಇವರಲ್ಲಿ ಈಗ ಉಳಿದಿರುವವರು ವಯಸ್ಸಾದವರು. ಅವರ ಕೈಬರಹದ ಹಾಳೆ, ಕಲಮು, ಮಸಿ ಕುಡಿಕೆ ಸಿಕ್ಕರೆ ಸಾಲದು. ಅವರು ಕೂತು ಬರೆಯುವುದನ್ನು ವಿಡಿಯೊ ಮಾಡಿಡಬೇಕು, ಶಾಲೆ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಕಲಿಸಬೇಕು. ಇದು ಮುಂದಿನ ವರ್ಷ ಮಾಡೋಣ ಎಂದು ತಳ್ಳುವ ಕೆಲಸ ಅಲ್ಲವೇ ಅಲ್ಲ.

ಇನ್ನೊಂದು ಸೂಕ್ಷ್ಮ ಸಂಗತಿ. ಹರಿದ, ಓದಲಾಗದ ಕುರ್‌ಆನ್ ಪ್ರತಿಯನ್ನು ಎಲ್ಲೆಂದರಲ್ಲಿ ಬಿಸಾಡುವಂತಿಲ್ಲ. ಗೌರವದಿಂದ ಮಣ್ಣಿನಲ್ಲಿ ಹೂಳುತ್ತಾರೆ, ಇಲ್ಲವೇ ಹರಿಯುವ ನೀರಿಗೆ ಬಿಡುತ್ತಾರೆ. ಆ ಅದಬನ್ನು, ಆ ಮರ್ಯಾದೆಯನ್ನು ನಾವೂ ಪಾಲಿಸುವವರೇ. ಆದರೆ ಎಷ್ಟೋ ಮನೆಗಳಲ್ಲಿ ಆ ಪ್ರತಿಯ ಮೊದಲ ಖಾಲಿ ಹಾಳೆಯಲ್ಲೇ ಮಕ್ಕಳ ಹುಟ್ಟಿದ ದಿನ, ಹಿರಿಯರು ತೀರಿಕೊಂಡ ದಿನ ಹಿಜರಿ (ಇಸ್ಲಾಮಿ ಪಂಚಾಂಗದ) ಲೆಕ್ಕದಲ್ಲಿ ಬರೆದಿರುತ್ತಾರೆ. ಜನನ ಪ್ರಮಾಣಪತ್ರ ಇಲ್ಲದ ಕಾಲದಲ್ಲಿ ಮನೆಯ ವಂಶಾವಳಿ ಅಂದರೆ ಅದೇ. ಪ್ರತಿಯ ಜೊತೆ ಅದೂ ಮಣ್ಣು ಸೇರುತ್ತದೆ. ನಮ್ಮ ಕೋರಿಕೆ ಇಷ್ಟೇ: ದಫನ್ ಮಾಡುವ ಮುಂಚೆ ನಮಗೊಮ್ಮೆ ತೋರಿಸಿ. ಆ ಹಾಳೆಯ ಫೋಟೊ ತೆಗೆದುಕೊಂಡು ವಾಪಸ್ ಕೊಡುತ್ತೇವೆ. ವುಜೂ ಮಾಡಿಯೇ (ಕೈ, ಮುಖ, ಕಾಲು ತೊಳೆದು ಶುದ್ಧವಾಗಿಯೇ) ಮುಟ್ಟುತ್ತೇವೆ, ರೆಹಲ್ (ಗ್ರಂಥ ಇಡುವ ಮರದ ಪೀಠ) ಮೇಲೆ ಇಟ್ಟೇ ತೆರೆಯುತ್ತೇವೆ.

ಕೆಲವು ಹಿತೈಷಿಗಳು ಕೇಳುತ್ತಾರೆ, ಮುಸ್ಲಿಮರಿಗೆ ಅಂತ ಬೇರೆ ಮ್ಯೂಸಿಯಂ ಯಾಕೆ? 1865ರಲ್ಲೇ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯ ಕಸ್ತೂರಬಾ ರಸ್ತೆಯಲ್ಲಿ ಇದೆ ಅಲ್ವಾ ಎಂದು. ಇದೆ, ಅದರ ಮೇಲೆ ನಮಗೆ ಅಭಿಮಾನವೂ ಇದೆ. ಆದರೆ ದೊಡ್ಡ ಸಂಗ್ರಹಾಲಯ ಶಾಸನ, ಶಿಲ್ಪ, ನಾಣ್ಯ ನೋಡಿಕೊಳ್ಳುತ್ತದೆ. ಪಾನ್‌ದಾನಿನ (ಎಲೆ ಅಡಿಕೆ ಪೆಟ್ಟಿಗೆಯ) ಯಾವ ಖಾನೆಯಲ್ಲಿ ಸುಣ್ಣ, ಯಾವುದರಲ್ಲಿ ಕಾಚು, ಮದುವೆಯಲ್ಲಿ ಕಟ್ಟುವ ಕರಿಮಣಿಯ ಲಚ್ಛಾಕ್ಕೆ ಯಾರು ಮಣಿ ಪೋಣಿಸಬೇಕು ಅನ್ನುವುದು ಮನೆಯ ಹೆಂಗಸರಿಗೆ ಗೊತ್ತು. ಆ ಅಮ್ಮಂದಿರು ಸಂಕೋಚವಿಲ್ಲದೆ ಬಂದು ಕೂತು ಮಾತಾಡುವ ಜಾಗ ಬೇಕು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದಾಗ ಒನಕೆ, ಬೀಸುಕಲ್ಲು, ನೇಗಿಲಿಗೂ ಮ್ಯೂಸಿಯಂ ಬೇಕಾ ಎಂದು ಕೇಳಿದವರು ಇದ್ದಿರಬಹುದು. ಇವತ್ತು ಅದು ಇಲ್ಲದ ಕರ್ನಾಟಕವನ್ನು ಊಹಿಸಲು ಆಗುವುದಿಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದಲ್ಲೂ 2001ರಲ್ಲಿ ಅಲ್ಲಿನ ಮುಸ್ಲಿಮರು ಮುಂದೆ ನಿಂತು ತಮ್ಮದೊಂದು ಸಂಗ್ರಹಾಲಯ ತೆರೆದರು. ಅವರಿಂದ ಆದದ್ದು ನಮ್ಮಿಂದ ಯಾಕಾಗಬಾರದು?

ಮತ್ತೆ, ಬೇರೆ ಅನ್ನುವ ಮಾತೇ ಈ ಊರಿಗೆ ಹೊಂದುವುದಿಲ್ಲ. ಪ್ರತಿ ವರ್ಷ ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಪರ್ಷಿಯಾದ ಶಿರಾಜಿನಿಂದ ಕುದುರೆ ಮಾರಲು ಬಂದ ಅಗಾ ಅಲಿ ಅಸ್ಕರ್ ಇಲ್ಲೇ ನೆಲೆನಿಂತರು, ಅವರ ಹೆಸರಿನ ರಸ್ತೆ ಈಗಲೂ ಇದೆ. ಅವರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರು. ನಮ್ಮ ಟೌನ್‌ಹಾಲ್ ಅವರ ಕಾಲದ್ದು. ಲಾಲ್‌ಬಾಗಿಗೆ 1760ರಲ್ಲಿ ಹೈದರ್ ಅಲಿ ಬುನಾದಿ ಹಾಕಿದರು. ಶಿವಾಜಿನಗರದ ಘೋಷಾ ಆಸ್ಪತ್ರೆಗೆ ಹಾಜಿ ಸರ್ ಇಸ್ಮಾಯಿಲ್ ಸೇಟರ ಹೆಸರಿದೆ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಎಲ್ಲಾ ಜಾತಿಯವರೂ ಇದ್ದಾರೆ. ದಖನಿ ಮಾತಾಡುವವರು, ಕಚ್ಛಿ ಮೇಮನರು, ಲಬ್ಬೆಗಳು, ಮಾಪಿಳ್ಳೆಗಳು, ಬ್ಯಾರಿಗಳು, ಭಟ್ಕಳದ ನವಾಯತರು, ಬೆಂಗಳೂರಿನ ಮುಸ್ಲಿಮರೊಳಗೇ ಎಷ್ಟು ಮಾತು, ಎಷ್ಟು ಅಡುಗೆ! ಇದನ್ನೆಲ್ಲ ಬಿಟ್ಟು ಮುಸ್ಲಿಂ ಇತಿಹಾಸ ಎಂದಕೂಡಲೇ ಟಿಪ್ಪು ಪರ, ಟಿಪ್ಪು ವಿರೋಧ ಎಂಬ ಎರಡೇ ಪಾಳಯದ ಜಗಳಕ್ಕೆ ಇಳಿಯುತ್ತೇವೆ. ಆ ಚರ್ಚೆ ಬೇರೆ ಕಡೆ ನಡೆಯಲಿ. ನಮ್ಮ ಕೋಣೆಗಳಲ್ಲಿ ರೇಷ್ಮೆ ನೂಲು ಬಿಚ್ಚುವವರು, ಜರ್ದೋಜಿ ಕಸೂತಿಯವರು, ಕುದುರೆಗೆ ಲಾಳ ಕಟ್ಟುವವರು ಮಾತಾಡಲಿ.

ನಮ್ಮಲ್ಲಿ ಪ್ರತಿ ವಸ್ತುವಿನ ಕೆಳಗೂ ಮೊದಲು ಕನ್ನಡ, ಆಮೇಲೆ ಉರ್ದು ಮತ್ತು ಇಂಗ್ಲಿಷ್. ಇದರಲ್ಲಿ ನಾವು ರಾಜಿ ಆಗುವುದಿಲ್ಲ. ಶಿಶುನಾಳ ಶರೀಫರಿಂದ ನಿಸಾರ್ ಅಹಮದ್, ಸಾರಾ ಅಬೂಬಕ್ಕರ್‌ವರೆಗೆ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್‌ವರೆಗೆ ಕನ್ನಡ ಈ ಸಮುದಾಯದ ಮನೆಮಾತು ಕೂಡ ಆಗಿದೆ.

ಕಸುಬಿನವರಿಗೆ ಒಂದು ಕೋಣೆ ಮೀಸಲಿಡುವ ಯೋಜನೆ ಇದೆ. ಬೀದರಿನ ಬಿದ್ರಿ ಕೆಲಸ ನೋಡಿದ್ದೀರಾ? ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಮೇಲೆ ಉಳಿಯಿಂದ ಕೊರೆದು, ಆ ಗೀರಿನಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಚನ್ನಪಟ್ಟಣದ ಅರಗಿನ ಬೊಂಬೆಯವರೂ ಬರಬೇಕು. ಸುಮ್ನೆ ಗಾಜಿನೊಳಗೆ ಹೂಜಿ ಇಟ್ಟರೆ ಇದ್ಯಾವುದೂ ತಿಳಿಯುವುದಿಲ್ಲ. ಕಸುಬುದಾರರನ್ನು ಕರೆಸಿ, ಉಳಿಯುವ ವ್ಯವಸ್ಥೆ ಮಾಡಿ, ದಿನಗೂಲಿಗೆ ಕಡಿಮೆಯಾಗದಂತೆ ಗೌರವಧನ ಕೊಟ್ಟು ಕೆಲಸ ಮಾಡಿಸಬೇಕು. ಪುಕ್ಕಟೆಯಾಗಿ ಬನ್ನಿ ಎಂದು ನಾವು ಯಾರನ್ನೂ ಕರೆಯುವುದಿಲ್ಲ.

ನಿಮ್ಮ ಹಣ ಎಲ್ಲಿಗೆ ಹೋಗುತ್ತದೆ? ಮೊದಲು ಸೂರಿಗೆ. ಹೆಂಚು ಬದಲಿಸಿ ಕೆಳಗೆ ಸೋರದ ಹಾಸು ಹಾಕಬೇಕು. ಆಮೇಲೆ ಆಮ್ಲವಿಲ್ಲದ ಕಾಗದ ಮತ್ತು ಪೆಟ್ಟಿಗೆಗಳು, ತೇವ ಅಳೆಯುವ ಮತ್ತು ತಗ್ಗಿಸುವ ಯಂತ್ರ, ಪುಸ್ತಕವನ್ನು ಪೂರ್ತಿ ಬಿಚ್ಚದೆ ಚಿತ್ರ ತೆಗೆಯುವ ಸ್ಕ್ಯಾನರ್. ಜರಿ ಬಟ್ಟೆಗಳನ್ನು ಮಡಚಿಟ್ಟರೆ ಮಡಿಕೆಯಲ್ಲೇ ರೇಷ್ಮೆ ಸೀಳುತ್ತದೆ, ಅವುಗಳನ್ನು ದೊಡ್ಡ ಕೊಳವೆಗೆ ಸುತ್ತಿಡಬೇಕು. ಬಣ್ಣ ಮಾಸದಂತೆ ಮಂದ ಬೆಳಕಿನ ಎಲ್‌ಇಡಿ ಬೇಕು. ಇವೆಲ್ಲಕ್ಕಿಂತ ದೊಡ್ಡ ಖರ್ಚು ಒಬ್ಬ ತರಬೇತಾದ ಸಂರಕ್ಷಣಾ ತಜ್ಞರ ಸಂಬಳ. ಒಳ್ಳೆ ಮನಸ್ಸಿನ ಸ್ವಯಂಸೇವಕರು ನಮ್ಮಲ್ಲಿ ಬಹಳ ಇದ್ದಾರೆ. ಆದರೆ ಹರಿದ ಹಾಳೆಗೆ ತೆಳು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚುವುದು ಕಲಿತವರೇ ಮಾಡಬೇಕಾದ ಕೆಲಸ.

ಜಕಾತ್ (ಉಳ್ಳವರು ಕಡ್ಡಾಯವಾಗಿ ಕೊಡಬೇಕಾದ ದಾನ) ಹಣ ದಯವಿಟ್ಟು ಕಳಿಸಬೇಡಿ. ಅದು ಬಡವರ ಹಕ್ಕು, ಅವರಿಗೇ ಮುಟ್ಟಬೇಕು. ಸದಕಾ ಅಥವಾ ಲಿಲ್ಲಾಹ್ (ಸ್ವಇಚ್ಛೆಯ ದಾನ) ಎಂದು ಕೊಡುವುದಾದರೆ ಸಂತೋಷದಿಂದ ಪಡೆಯುತ್ತೇವೆ. ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಸದಕಾ ಜಾರಿಯಾ (ಪುಣ್ಯ ನಿಲ್ಲದೆ ಸಲ್ಲುತ್ತಿರುವ ದಾನ) ಆಗಿ ಒಂದು ಕಪಾಟು ಕೊಡಿಸಬಹುದು, ಅವರ ಹೆಸರು ಅದರ ಮೇಲೆ ಇರುತ್ತದೆ. ಬೇರೆ ಧರ್ಮದವರ ದೇಣಿಗೆಗೂ ಅಷ್ಟೇ ಮರ್ಯಾದೆ, ಅಷ್ಟೇ ಜಾಗ. 100 ರೂಪಾಯಿ ಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ರಶೀದಿ ಒಂದೇ ಬಗೆಯದು. ವರ್ಷದ ಲೆಕ್ಕವನ್ನು ಬಾಗಿಲ ಪಕ್ಕದ ಹಲಗೆಗೆ ಅಂಟಿಸುತ್ತೇವೆ, ಯಾರು ಬೇಕಾದರೂ ಓದಬಹುದು.

ದೇಣಿಗೆಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ಚೆಕ್, ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಡಿ. ನಗದಿನಲ್ಲಿ 2,000 ರೂಪಾಯಿ ದಾಟಿದರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ವಿದೇಶಿ ದೇಣಿಗೆ ಪಡೆಯುವ ಅನುಮತಿ ನಮಗಿಲ್ಲ. ಆದರೆ ಗಲ್ಫ್‌ನಲ್ಲಿ ದುಡಿಯುತ್ತಿರುವ, ಭಾರತದ ಪೌರತ್ವ ಇರುವ ನಮ್ಮ ಅಣ್ಣ ತಮ್ಮಂದಿರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರು ಪಾಸ್‌ಪೋರ್ಟ್ ಪ್ರತಿ ಜೊತೆಗಿಟ್ಟರೆ ಸಾಕು.

ಹಣ ಕೊಡಲಾಗದವರು ಬೇಜಾರು ಮಾಡಿಕೊಳ್ಳಬೇಡಿ. ಫಾರ್ಸಿ ಓದಬಲ್ಲವರು, ಹಳೇ ಉರ್ದು ಕೈಬರಹ ಬಿಡಿಸಬಲ್ಲವರು, ಕನ್ನಡಕ್ಕೆ ಅನುವಾದ ಮಾಡಬಲ್ಲವರು ವಾರಕ್ಕೊಂದು ಮಧ್ಯಾಹ್ನ ಕೊಟ್ಟರೂ ದೊಡ್ಡ ಉಪಕಾರ. ಮನೆಯ ವಸ್ತುವನ್ನು ಪೂರ್ತಿ ಬಿಟ್ಟುಕೊಡಲು ಮನಸ್ಸಿಲ್ಲದಿದ್ದರೆ ಎರವಲಾಗಿ ಕೊಡಿ, ಬರವಣಿಗೆಯಲ್ಲಿ ಕರಾರು ಮಾಡಿಕೊಂಡೇ ಪಡೆಯುತ್ತೇವೆ. ಅಲ್ಲಿಯವರೆಗೆ ನಿಮ್ಮ ಮನೆಯ ಹಳೇ ಕಾಗದಕ್ಕೆ ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಕಲೆಯಾಗುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಮಾಡಿಸಿದ ಮೇಲೆ ಬಿಡಿಸಲು ಆಗುವುದಿಲ್ಲ. ತೆಳುವಾದ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಒಣ ಜಾಗದಲ್ಲಿ ಇಟ್ಟು, ನಮಗೆ ಹೇಳಿ ಕಳಿಸಿ. ನಾವೇ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಎಲ್ಲಾ ಸದಸ್ಯರ ಪರವಾಗಿ
ಬೆಂಗಳೂರು