ಸುಬ್ಬುವಿಗೊಂದು ಪತ್ರ: ಬರೆದವನ ಪಾಲು

ಬರ್ಬ್ಯಾಂಕ್, ಕ್ಯಾಲಿಫೋರ್ನಿಯಾ
15 ಅಕ್ಟೋಬರ್ 2023

ಪ್ರೀತಿಯ ಸುಬ್ಬು,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಹಾಲಿವುಡ್ ರೈಟರುಗಳಿಗೆ ಏನು ಕಮ್ಮಿ ಅಂತ ಸ್ಟ್ರೈಕ್ ಮಾಡಿದ್ರು ಮಾರಾಯಾ?" ಅಂದೆ. ನಿನ್ನ ದನಿಯಲ್ಲಿ ಸುಸ್ತಿತ್ತು. ಅಲ್ಲಿ ಆಗ ರಾತ್ರಿ ಒಂದು ಗಂಟೆ. ಬೆಳಗಿನ ಶೂಟಿಂಗಿಗೆ ನೀನು ಇನ್ನೂ ಎರಡು ಸೀನ್ ಬರೆದು ಕಳಿಸಬೇಕಿತ್ತು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಬರೆದೇ ಬದುಕುವವರು ಬೇರೆಯವರೂ ಇದ್ದಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ಟಿವಿ ಬರಹಗಾರ್ತಿ ಇದ್ದಾರೆ. ಹೆಸರು ಬೇಡ. ಜೂನ್‌ನಲ್ಲಿ ಒಂದು ಸಂಜೆ ಮೆಟ್ಟಿಲ ಹತ್ತಿರ ಸಿಕ್ಕಾಗ ಅವರ ಕೈಯಲ್ಲೊಂದು ಹಸಿರು ಲಕೋಟೆ ಇತ್ತು. ಇಲ್ಲಿ ಬರಹಗಾರರಿಗೆ ರೆಸಿಡ್ಯುಯಲ್ ಅಂತ ಒಂದು ಹಣ ಬರುತ್ತದೆ. ಬರೆದದ್ದು ಮತ್ತೆ ಮತ್ತೆ ಪ್ರಸಾರವಾದರೆ ಬರೆದವರಿಗೂ ಅದರಲ್ಲೊಂದು ಪಾಲು. ಆ ಚೆಕ್ ಬರುವುದು ಬರಹಗಾರರ ಸಂಘದ ಮೂಲಕ, ಈ ಹಸಿರು ಲಕೋಟೆಯಲ್ಲಿ. ಅವರು ಅಲ್ಲೇ ಒಡೆದು ನನ್ನ ಕೈಗೆ ಕೊಟ್ಟರು. 38 ಸೆಂಟ್. ಲಕೋಟೆಗೆ ಅಂಟಿಸುವ ಸ್ಟಾಂಪಿಗೇ ಅದಕ್ಕಿಂತ ಜಾಸ್ತಿ ಆಗುತ್ತದೆ. "ಇದನ್ನು ಬ್ಯಾಂಕಿಗೆ ಹಾಕೋದಾ, ಫ್ರಿಜ್ ಮೇಲೆ ಅಂಟಿಸೋದಾ?" ಅಂತ ಕೇಳಿದರು. ನನಗೆ ಏನು ಹೇಳುವುದಕ್ಕೂ ತೋಚಲಿಲ್ಲ.

ನಮ್ಮೂರ ಕಡೆ ತೋಟವನ್ನು ಚೇಣಿಗೆ ಕೊಡುತ್ತಾರಲ್ಲ, ಅದನ್ನು ನೆನಪಿಸಿಕೋ. ಚೇಣಿದಾರ ಒಂದು ವರ್ಷದ ಫಸಲು ತೆಗೆದುಕೊಂಡು ಹೋಗುತ್ತಾನೆ. ಮುಂದಿನ ವರ್ಷ ಮತ್ತೆ ಬಂದು ಮಾತಾಡಬೇಕು. ಮರ ನೆಟ್ಟವನದ್ದೇ ತೋಟ. ಟಿವಿ ಚಾನೆಲ್‌ಗಳ ಕಾಲದಲ್ಲಿ ಇಲ್ಲಿನ ಬರಹಗಾರರ ಲೆಕ್ಕ ಹೆಚ್ಚುಕಮ್ಮಿ ಹಾಗೇ ಇತ್ತು. ಮರುಪ್ರಸಾರ ಆದಾಗಲೆಲ್ಲ ಒಂದಿಷ್ಟು ದುಡ್ಡು. ಕೆಲಸ ಇಲ್ಲದ ತಿಂಗಳುಗಳಲ್ಲಿ ಬಾಡಿಗೆ, ಮಕ್ಕಳ ಫೀಸು ಅದರಲ್ಲೇ ನಡೆಯುತ್ತಿತ್ತು. ಸ್ಟ್ರೀಮಿಂಗ್ ಬಂದ ಮೇಲೆ ಮರುಪ್ರಸಾರ ಅನ್ನುವುದೇ ಇಲ್ಲ. ಎಲ್ಲ ಯಾವಾಗಲೂ ಅಲ್ಲೇ ಇರುತ್ತದೆ. ಎಷ್ಟು ಜನ ನೋಡಿದರು ಅಂತ ಕಂಪನಿಯವರು ಹೇಳುತ್ತಿರಲಿಲ್ಲ. ಹತ್ತು ಜನ ನೋಡಿದರೂ ಹತ್ತು ಕೋಟಿ ಜನ ನೋಡಿದರೂ ಬರೆದವರಿಗೆ ಅಷ್ಟೇ ಹಣ.

ಕೆಲಸದ ರೀತಿಯೂ ಬದಲಾಯಿತು. ಮುಂಚೆ ಒಂದು ಸೀಸನ್ ಅಂದರೆ 22 ಎಪಿಸೋಡ್, ವರ್ಷದ ಬಹುಪಾಲು ಕೆಲಸ. ಈಗ ಎಂಟೋ ಹತ್ತೋ. ಮೂರು ನಾಲ್ಕು ಜನರನ್ನು ಕೆಲವೇ ವಾರ ಒಂದು ಕೋಣೆಯಲ್ಲಿ ಕೂರಿಸಿ ಕಥೆಯನ್ನೆಲ್ಲ ಹೆಣೆಸಿ, ಶೂಟಿಂಗ್ ಶುರುವಾಗುವ ಮೊದಲೇ ಮನೆಗೆ ಕಳಿಸುವುದು. ಇದಕ್ಕೆ ಮಿನಿ ರೂಮ್ ಅಂತಾರೆ. ಮೇಲಿನ ಮನೆಯವರು ಹೋದ ವರ್ಷ ಹೀಗೆ ಹತ್ತು ವಾರ ದುಡಿದರು. ಉಳಿದ ತಿಂಗಳು ಮಕ್ಕಳಿಗೆ ಟ್ಯೂಷನ್ ಹೇಳಿದರು. ಸಂಘದ ಲೆಕ್ಕದ ಪ್ರಕಾರ ಹತ್ತು ವರ್ಷದ ಹಿಂದೆ ಟಿವಿ ಬರಹಗಾರರಲ್ಲಿ ಕನಿಷ್ಠ ದರಕ್ಕೆ ದುಡಿಯುತ್ತಿದ್ದವರು ಮೂರನೇ ಒಂದು ಭಾಗ. ಈಗ ಹತ್ತಿರ ಹತ್ತಿರ ಅರ್ಧ. ನೀನು ಕೇಳಿದ "ಏನು ಕಮ್ಮಿ" ಅನ್ನುವುದಕ್ಕೆ ಇದೇ ಉತ್ತರ ಕಣೋ.

ಮೇ 2ರಂದು ಈ ಬರಹಗಾರರ ಸಂಘದ, ಅಂದರೆ ರೈಟರ್ಸ್ ಗಿಲ್ಡಿನ, ಸುಮಾರು 11,500 ಜನ ಪೆನ್ನು ಕೆಳಗಿಟ್ಟರು. ಎದುರಿಗೆ ಇದ್ದದ್ದು ನೆಟ್‌ಫ್ಲಿಕ್ಸ್, ಡಿಸ್ನಿ, ಅಮೆಜಾನ್, ಆಪಲ್, ವಾರ್ನರ್ ಎಲ್ಲ ಸೇರಿದ ನಿರ್ಮಾಪಕರ ಕೂಟ.

ಒಂದು ಬೆಳಗಿನ ಜಾವ ನಾನೇ ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ವಾಕಿಂಗ್ ಹೋಗುವ ದಾರಿಯಲ್ಲೇ ಒಂದು ಸ್ಟುಡಿಯೋ ಗೇಟ್ ಇದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಐದಾರು ಜನ ಬೋರ್ಡ್ ಹಿಡಿದು ಗೇಟಿನ ಮುಂದೆ ಸುತ್ತು ಹಾಕುತ್ತಿದ್ದರು. ನಮ್ಮ ಮೇಲಿನ ಮನೆಯವರೂ ಇದ್ದರು, ಕೈಯಲ್ಲಿ ಫ್ಲಾಸ್ಕು. ಅಷ್ಟರಲ್ಲಿ ಶೂಟಿಂಗ್ ಸಾಮಾನು ತುಂಬಿದ ಒಂದು ದೊಡ್ಡ ಟ್ರಕ್ ಬಂತು. ಇಂಡಿಕೇಟರ್ ಹಾಕಿ ಒಳಗೆ ತಿರುಗುವುದರಲ್ಲಿತ್ತು. ಡ್ರೈವರ್ ಬೋರ್ಡುಗಳನ್ನು ನೋಡಿದ. ಇಂಡಿಕೇಟರ್ ಆಫ್ ಮಾಡಿದ. ಎರಡು ಸಲ ಹಾರ್ನ್ ಹೊಡೆದು ನೇರ ಹೊರಟುಹೋದ. ಅವನು ಬರಹಗಾರನಲ್ಲ. ಲಾರಿ ಚಾಲಕರ ಯೂನಿಯನ್ ಟೀಮ್‌ಸ್ಟರ್ಸ್‌ನವನು. ಬೇರೆಯವರ ಮುಷ್ಕರದ ಗೆರೆ ದಾಟುವುದಿಲ್ಲ ಅಂತ ಅವರು ನಿಂತುಬಿಟ್ಟಿದ್ದರು. ಆವತ್ತಿನ ಅವನ ದುಡಿಮೆ ಹೋಗಿರಲೂಬಹುದು. ಗೇಟಿನ ಹತ್ತಿರ ನಿಂತಿದ್ದವರಲ್ಲಿ ಒಬ್ಬ ಹುಡುಗ ಕಣ್ಣೊರೆಸಿಕೊಳ್ಳುತ್ತಿದ್ದ. ನನ್ನ ಗಂಟಲೂ ಕಟ್ಟಿತ್ತು ಸುಬ್ಬು.

ಇಲ್ಲೇ ಬರ್ಬ್ಯಾಂಕಿನಲ್ಲಿ ಬಾಬ್ಸ್ ಬಿಗ್ ಬಾಯ್ ಅಂತ ಹಳೇ ಹೋಟೆಲಿದೆ. ಡ್ರೂ ಕೇರಿ ಅನ್ನುವ ಟಿವಿ ನಟ, ಗಿಲ್ಡಿನ ಕಾರ್ಡ್ ತೋರಿಸಿದವರಿಗೆಲ್ಲ ಮುಷ್ಕರ ಮುಗಿಯುವ ತನಕ ಅಲ್ಲಿ ಊಟ ತನ್ನ ಲೆಕ್ಕ ಅಂದುಬಿಟ್ಟರು. ಜುಲೈನಲ್ಲಿ ನಟರ ಯೂನಿಯನ್ನೂ ಬೀದಿಗಿಳಿಯಿತು. ಇಬ್ಬರೂ ಒಟ್ಟಿಗೆ ಮುಷ್ಕರ ಹೂಡಿದ್ದು 1960ರ ನಂತರ ಇದೇ ಮೊದಲು. ಆಗಲೂ ಜಗಳ ಇಂಥದ್ದೇ: ಥಿಯೇಟರಿಗೆ ಮಾಡಿದ ಸಿನಿಮಾವನ್ನು ಟಿವಿಗೆ ಮಾರಿಕೊಂಡರೆ ಅದರಲ್ಲಿ ನಮಗೇನು?

148 ದಿನ ನಡೆಯಿತು. ಬಿಸಿಲು, ಸಾಲ, ಮನೆ ಖಾಲಿ ಮಾಡಿ ಊರಿಗೆ ಹೋದವರು, ಎಲ್ಲ ಆಯಿತು. ಸೆಪ್ಟೆಂಬರ್ 27ಕ್ಕೆ ಮುಗಿಯಿತು. ಹೋದ ಸೋಮವಾರ ಒಪ್ಪಂದಕ್ಕೆ ನೂರಕ್ಕೆ 99 ಜನ ಹೌದು ಅಂದರು. ಇನ್ನು ಮುಂದೆ ಎಷ್ಟು ಗಂಟೆ ನೋಡಿದರು ಅನ್ನುವ ಲೆಕ್ಕವನ್ನು ಕಂಪನಿಗಳು ಗಿಲ್ಡಿಗೆ ಕೊಡಬೇಕು. ದೊಡ್ಡ ಬಜೆಟ್ಟಿನ ಸರಣಿಯನ್ನು ಮೊದಲ 90 ದಿನದಲ್ಲಿ ದೇಶದ ಚಂದಾದಾರರಲ್ಲಿ ಶೇ 20ರಷ್ಟು ಜನ ನೋಡಿದರೆ ಬರೆದವರಿಗೆ ಬೋನಸ್. ಬರಹಗಾರರ ಕೋಣೆಯಲ್ಲಿ ಕನಿಷ್ಠ ಇಷ್ಟು ಜನ ಇರಬೇಕು, ಇಷ್ಟು ವಾರ ಕೆಲಸ ಕೊಡಬೇಕು ಅಂತ ಲೆಕ್ಕ. ಎಐ ಬಳಸು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಎಐ ಬರೆದದ್ದನ್ನು ಕೊಟ್ಟರೆ ಹಾಗಂತ ಹೇಳಿಯೇ ಕೊಡಬೇಕು. ಕೇಳಿದ್ದೆಲ್ಲ ಸಿಕ್ಕಿಲ್ಲ. ಆದರೆ ಮೇ ತಿಂಗಳಲ್ಲಿ ಕಂಪನಿಗಳು ಮಾತಾಡಲೂ ಒಪ್ಪದಿದ್ದ ವಿಷಯಗಳು ಇವತ್ತು ಕಾಗದದ ಮೇಲಿವೆ. ನಟರ ಮುಷ್ಕರ ಇನ್ನೂ ನಡೆದಿದೆ. ಮೊನ್ನೆ ಬುಧವಾರ ಮಾತುಕತೆ ಮುರಿದುಬಿತ್ತು. ಮೇಲಿನ ಮನೆಯವರು ಈಗ ಅವರ ಜೊತೆ ಬೋರ್ಡ್ ಹಿಡಿಯಲು ಹೋಗುತ್ತಾರೆ.

ಇನ್ನು ನಿನ್ನ ವಿಷಯ. ಬೇಜಾರು ಮಾಡ್ಕೋಬೇಡ. ನಾಲ್ಕು ವರ್ಷ ರಾತ್ರಿ ನಿದ್ದೆಗೆಟ್ಟು ಸಂಭಾಷಣೆ ಬರೆದೆ. ಆ ಧಾರಾವಾಹಿ ಮುಗಿದ ಮೇಲೂ ಮೊಬೈಲ್ ಆ್ಯಪಿನಲ್ಲಿದೆ, ತೆಲುಗಿಗೆ ಡಬ್ ಆಗಿದೆ. ನಿನಗೆ ಎಪಿಸೋಡಿಗಿಷ್ಟು ಅಂತ ಬಂದದ್ದು ಬಿಟ್ಟರೆ ಬಿಡಿಗಾಸಿಲ್ಲ. ಅದೂ ಪ್ರಸಾರವಾಗಿ ಮೂರು ತಿಂಗಳಿಗೆ. "ಅಗ್ರಿಮೆಂಟಿನಲ್ಲಿ ಎಲ್ಲ ಹಕ್ಕೂ ಅವರದ್ದೇ, ಈಗಿರುವ ಮಾಧ್ಯಮ ಮುಂದೆ ಬರುವ ಮಾಧ್ಯಮ ಎಲ್ಲದರಲ್ಲೂ, ಶಾಶ್ವತವಾಗಿ ಅಂತಿದೆ, ಸೈನ್ ಮಾಡಿದ್ದೇನೆ" ಅಂದೆಯಲ್ಲ, ಆ ಮಾತು ನನ್ನನ್ನು ಬಿಟ್ಟಿಲ್ಲ. ಇದು ಚೇಣಿಯೂ ಅಲ್ಲ ಮಾರಾಯಾ. ಒಂದು ವರ್ಷದ ದುಡ್ಡಿಗೆ ತೋಟವನ್ನೇ ಬರೆದುಕೊಟ್ಟ ಹಾಗೆ.

ನಮ್ಮಲ್ಲೂ 2012ರಲ್ಲಿ ಕಾಪಿರೈಟ್ ಕಾಯ್ದೆ ತಿದ್ದುಪಡಿ ಆಗಿದೆ, ಗೊತ್ತಾ? ಸಂಸತ್ತಿನಲ್ಲಿ ಜಾವೇದ್ ಅಖ್ತರ್ ಅದಕ್ಕಾಗಿ ವಾದ ಮಾಡಿದ್ದರು. ಸಿನಿಮಾದಲ್ಲಿ ಬಳಸಿದ ಬರಹ ಥಿಯೇಟರ್ ಬಿಟ್ಟು ಬೇರೆ ಕಡೆ ಬಳಕೆಯಾದರೆ ಬರೆದವನಿಗೆ ರಾಯಲ್ಟಿಯಲ್ಲಿ ಸಮಪಾಲು. ಆ ಪಾಲನ್ನು ಬೇಡ ಅಂತ ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ಕಾಗದದ ಮೇಲೆ ಇರುವುದು ಬೇರೆ, ಕೈಗೆ ಬರುವುದು ಬೇರೆ, ಒಪ್ಪಿದೆ. ನಿನ್ನ ಕೇಸಿಗೆ ಅದು ಹೇಗೆ ಅನ್ವಯ ಆಗುತ್ತದೆ ಅಂತ ಒಬ್ಬ ವಕೀಲರನ್ನು ಕೇಳಲೇಬೇಕು. ಮುಂಬೈಯಲ್ಲಿ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ, ಅವರನ್ನೂ ವಿಚಾರಿಸು. ಆದರೆ ಒಬ್ಬನೇ ಹೋಗಬೇಡ. ನಿನ್ನ ಜೊತೆ ಬರೆಯುವ ಇನ್ನಿಬ್ಬರು ಇದ್ದಾರಲ್ಲ, ಅವರನ್ನೂ ಕರೆದುಕೊಂಡು ಹೋಗು. ಒಬ್ಬ ಕೇಳಿದರೆ ಬೇರೆಯವನನ್ನು ಕರೆಸುತ್ತಾರೆ ಅಂತ ಹೆದರುತ್ತೀಯಲ್ಲ, ಆ ಬೇರೆಯವನೂ ನಿನ್ನ ಪಕ್ಕದಲ್ಲೇ ಕೂತಿರಲಿ.

ಅಗ್ರಿಮೆಂಟಿನ ಎಲ್ಲ ಪುಟಗಳ ಫೋಟೋ ತೆಗೆದು ಇವತ್ತೇ ವಾಟ್ಸಾಪ್ ಮಾಡು. ಮೇಲಿನ ಮನೆಯವರು ನೋಡಬೇಕು ಅಂದಿದ್ದಾರೆ. ಕನ್ನಡದಲ್ಲಿ ಇರುವುದನ್ನು ನಾನು ಓದಿ ಹೇಳುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ರಘು