'ರನ್' ಅಂದರೆ ಬರೀ ಓಡುವುದಲ್ಲ

ಎಲ್ಲರಿಗೂ ನಮಸ್ಕಾರ. ಈ ವಾರದ ಅಭ್ಯಾಸಕ್ಕೆ 'ರನ್' ಪದ ತೆಗೆದುಕೊಳ್ಳೋಣ. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಅತಿ ಉದ್ದದ ವಿವರಣೆ 'ಸೆಟ್' ಪದದ್ದು. ಆಮೇಲಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದಿಕ್ಕಿತು. ಕ್ರಿಯಾಪದವಾಗಿಯೇ 600ಕ್ಕೂ ಹೆಚ್ಚು ಅರ್ಥ!

ಪಟ್ಟಿ ಬಾಯಿಪಾಠ ಮಾಡಬೇಡಿ, ಅಕ್ಕಪಕ್ಕದ ಪದ ನೋಡಿ. 'ಶಿ ರನ್ಸ್ ಎ ಸ್ಕೂಲ್' ಅಂದರೆ ಶಾಲೆ ನಡೆಸುತ್ತಾಳೆ. ಮೂಗು ಸೋರಿದರೂ ರನ್, ಬಟ್ಟೆ ಬಣ್ಣ ಬಿಟ್ಟರೂ ರನ್. ಚುನಾವಣೆಯದು ನನಗೆ ಬಲು ಇಷ್ಟ: ಅಮೆರಿಕದವರು 'ರನ್' ಅಂದರೆ ಬ್ರಿಟಿಷರು ಸಾಮಾನ್ಯವಾಗಿ 'ಸ್ಟ್ಯಾಂಡ್' ಅನ್ನುತ್ತಾರೆ, ನಾವು 'ಚುನಾವಣೆಗೆ ನಿಂತ' ಅನ್ನುವ ಹಾಗೆಯೇ.

ಹೆಚ್ಚು ಎಡವುವುದು ಜೋಡಿ ಪದಗಳಲ್ಲಿ. 'ರನ್ ಔಟ್ ಆಫ್' ಅಂದರೆ ಇದ್ದದ್ದು ಮುಗಿದುಹೋಗುವುದು. 'ಐ ರ‍್ಯಾನ್ ಇಂಟು ಹಿಮ್' ಅಂದರೆ ಅವನು ಅಚಾನಕ್ಕಾಗಿ ಸಿಕ್ಕ. ಅಲ್ಲಿ 'ಇಂಟು' ಬದಲು 'ಓವರ್' ಹಾಕಿದಿರೋ, ಅವನ ಮೇಲೆ ಗಾಡಿ ಹರಿಸಿದೆ ಎಂದಾಗುತ್ತದೆ! ಇದೊಂದನ್ನು ದಯವಿಟ್ಟು ಚೆನ್ನಾಗಿ ನೆನಪಿಡಿ.

ಭಾನುವಾರದೊಳಗೆ ಪ್ರತಿಯೊಬ್ಬರೂ 'ರನ್' ಇರುವ ಒಂದು ವಾಕ್ಯ ಇಲ್ಲಿ ಹಾಕಿ. ಓಡುವ ಅರ್ಥ ಬೇಡ. ಜೊತೆಗೇ ಅರ್ಥ ಬರೆಯಬೇಡಿ, ಉಳಿದವರು ಸಂದರ್ಭ ನೋಡಿ ಹೇಳಲಿ. ಹೊಸದಾಗಿ ಸೇರಿದವರೂ ಸಂಕೋಚವಿಲ್ಲದೆ ಬರೆಯಿರಿ, ತಪ್ಪಿದ್ದರೆ ಎಲ್ಲರೂ ಸೇರಿ ತಿದ್ದೋಣ.