ಸಮುದ್ರದಡಿಯ ಗೆರೆಯೆಲ್ಲ ಗೋಡೆಯಲ್ಲ

ಮಾನ್ಯ ಸಂಪಾದಕರೆ,

‘ಮುಳುಗಿದ ನಗರ ಪತ್ತೆ’ ಎಂಬ ಸುದ್ದಿಯ ಜೊತೆ ಅಚ್ಚಾಗುವ ಸೋನಾರ್ (ಶಬ್ದದ ಅಲೆ ಕಳಿಸಿ ಅದರ ಮಾರ್ದನಿಯಿಂದ ಸಮುದ್ರದ ತಳ ತೋರಿಸುವ ಸಾಧನ) ಚಿತ್ರದಲ್ಲಿ ಅಳತೆಪಟ್ಟಿಯಾಗಲಿ ದೋಣಿ ಸಾಗಿದ ದಿಕ್ಕಾಗಲಿ ಇರುವುದು ಅಪರೂಪ. ಅವಿಲ್ಲದೆ ಚಿತ್ರ ಓದಲು ಪಳಗಿದ ಕಣ್ಣಿಗೂ ಆಗದು.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಆದದ್ದೂ ಇಂಥದ್ದೇ. ಮಾಲಿನ್ಯ ಸಮೀಕ್ಷೆಗೆ ಹೋದ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಸೋನಾರಿಗೆ 30–40 ಮೀಟರ್ ಆಳದಲ್ಲಿ ಚೌಕಾಕೃತಿಗಳು ಕಂಡವು. 2001ರಲ್ಲಿ ಕೇಂದ್ರ ಸಚಿವರೇ ಅದನ್ನು ಮುಳುಗಿದ ಪ್ರಾಚೀನ ನೆಲೆಯೆಂದು ಪ್ರಕಟಿಸಿದರು. ತಳ ಬಾಚಿ ತೆಗೆದ ಒಂದು ಮರದ ತುಂಡಿನ ವಯಸ್ಸು ಸುಮಾರು 9500 ವರ್ಷ ಎಂದಾಯಿತು. ವಯಸ್ಸು ಸರಿಯೇ ಇರಲಿ. ನರ್ಮದೆ, ತಾಪಿ, ಮಹಿ ನದಿಗಳು ಹೂಳು ತಂದು ಸುರಿಯುವ, ಉಬ್ಬರವಿಳಿತದ ಸೆಳೆತ ಭೀಕರವಾಗಿರುವ ಆ ಕೊಲ್ಲಿಯಲ್ಲಿ ಆ ತುಂಡು ಚೌಕದೊಳಗಿನದೇ ಎನ್ನಲು ಆಧಾರವೇನು? ಬಾಚಿದ ಕ್ಷಣದಲ್ಲೇ ಪದರಗಳು ಕಲಸಿಹೋಗಿರುತ್ತವೆ.

ಎರಡೂ ಬದಿಗೆ ಶಬ್ದ ಚೆಲ್ಲುವ ಸೈಡ್ ಸ್ಕ್ಯಾನ್ ಸೋನಾರಿನ ಟೋಫಿಶ್ಶನ್ನು (ದೋಣಿಯ ಹಿಂದೆ ನೀರೊಳಗೆ ಎಳೆಯುವ ಉಪಕರಣ) ತಳದಿಂದ ಎಷ್ಟು ಎತ್ತರದಲ್ಲಿ ಎಳೆಯಬೇಕು ಎಂಬುದಕ್ಕೆ ರೂಢಿಯ ಲೆಕ್ಕವಿದೆ: ಒಂದು ಬದಿಯ ವ್ಯಾಪ್ತಿಯ ಶೇ 10ರಿಂದ 20. ಅಲೆಗೆ ಅದು ತೊನೆದಾಡಿದರೆ ನೆಟ್ಟಗಿನ ಬಂಡೆಯಂಚು ಅಂಕುಡೊಂಕಾಗುತ್ತದೆ. ದೋಣಿಯ ವೇಗಕ್ಕೆ ತಕ್ಕಂತೆ ಚಿತ್ರವನ್ನು ತಿದ್ದದಿದ್ದರೆ ದುಂಡಗಿನದು ಉದ್ದವಾಗುತ್ತದೆ. ಹಾಗಾಗಿ ಅದೇ ಜಾಗವನ್ನು ಅಡ್ಡದಿಕ್ಕಿನಲ್ಲಿ ಮತ್ತೊಮ್ಮೆ ಹಾಯಲೇಬೇಕು. ಎರಡು ಸಲವೂ ಅದೇ ಅಕ್ಷಾಂಶ, ರೇಖಾಂಶದಲ್ಲಿ ಕಂಡರಷ್ಟೇ ಅಲ್ಲೊಂದು ವಸ್ತುವಿದೆ. ಎತ್ತರಕ್ಕೆ ನೆರಳೇ (ವಸ್ತುವಿನ ಹಿಂದೆ ಶಬ್ದ ತಲುಪದ ಜಾಗ) ಸಾಕ್ಷಿ: ಟೋಫಿಶ್ ತಳದಿಂದ 10 ಮೀಟರ್ ಮೇಲಿದ್ದು, ನೆರಳು 12 ಮೀಟರ್ ಚಾಚಿ, ನೆರಳಿನ ತುದಿ ಟೋಫಿಶ್ಶಿನಿಂದ ಓರೆಯಾಗಿ 60 ಮೀಟರ್ ದೂರವಿದ್ದರೆ ವಸ್ತುವಿನ ಎತ್ತರ 2 ಮೀಟರ್.

ಇಷ್ಟಾದರೂ ಅದು ಮನುಷ್ಯ ಕಟ್ಟಿದ್ದೆಂದಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾ ತಣಿದು ಸೀಳಿದ ಕಂಬಗಳು ಕಲ್ಲುಕುಟಿಗ ಕಡಿದಂತೆಯೇ ಇವೆ.

ಉಪಗ್ರಹಕ್ಕೂ ಮಿತಿಯುಂಟು. ಅವಗೆಂಪು (ಇನ್ಫ್ರಾರೆಡ್) ಕಿರಣಗಳನ್ನು ನೀರು ಮೇಲ್ಪದರದಲ್ಲೇ ಹೀರಿಬಿಡುತ್ತದೆ. ನೀಲಿ, ಹಸಿರು ತುಸು ಆಳಕ್ಕಿಳಿಯುತ್ತವೆ, ಅದೂ ತಿಳಿನೀರಿದ್ದರೆ. ಸೆಂಟಿನೆಲ್-2 ಉಪಗ್ರಹದ ಅತ್ಯುತ್ತಮ ಪಿಕ್ಸೆಲ್ಲೇ 10 ಮೀಟರಿನದು. 2 ಮೀಟರ್ ಅಗಲದ ಗೋಡೆಯನ್ನು ಅದರಲ್ಲಿ ಹುಡುಕುವುದು ವ್ಯರ್ಥ. ಆದರೆ ಬೆಲ್ಜಿಯಂ ಕರಾವಳಿಯಲ್ಲಿ ಮುಳುಗಿದ ಹಡಗುಗಳಿಂದ ಉಬ್ಬರದ ಸೆಳೆತಕ್ಕೆದ್ದ ಹೂಳಿನ ಬಾಲ ಲ್ಯಾಂಡ್‌ಸ್ಯಾಟ್-8 ಉಪಗ್ರಹದ ಚಿತ್ರಗಳಲ್ಲಿ ಕಿಲೋಮೀಟರುಗಟ್ಟಲೆ ಕಂಡಿತ್ತು. ಹಡಗು ಕಾಣದಿದ್ದರೂ ಅದರ ಸುಳಿವು ಕಂಡಿತು. ಉಪಗ್ರಹದ ನಿಜವಾದ ಉಪಯೋಗ ಇಂಥದ್ದು.

ಮುಂದೆ ಇಂಥ ಸುದ್ದಿ ಬಂದಾಗ ಅಡ್ಡದಿಕ್ಕಿನ ಸಮೀಕ್ಷೆ ಆಗಿದೆಯೆ, ತಳಕ್ಕೆ ಕೊಳವೆ ಇಳಿಸಿ ಪದರ ಕೆಡದಂತೆ ಮಣ್ಣು ತೆಗೆದಿದ್ದಾರೆಯೆ ಎಂದು ವರದಿಗಾರರು ಕೇಳಲಿ. ಚಿತ್ರದ ಅಳತೆಪಟ್ಟಿಯನ್ನು ಪುಟದ ಅಂದಕ್ಕೆಂದು ಕತ್ತರಿಸಬೇಡಿ.

– ಓದುಗರು, ಉಡುಪಿ